ಹೂಮಳೆ ಬೀಳದ ವರ್ಷ: ಒಂದು ಪ್ರಕರಣ ಅಧ್ಯಯನ

ಮಡಿಕೇರಿಯಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನನ್ನ ಬಳಿಗೆ ಬರುವ ಯುವಜನರಲ್ಲಿ ಹಲವರು ತಲೆನೋವು, ನಿದ್ರೆ ಬಾರದಿರುವುದು, ಊಟ ರುಚಿಸದಿರುವುದು ಎಂದು ಮಾತು ತೆಗೆಯುತ್ತಾರೆ. ಎರಡು ಮೂರು ಭೇಟಿಗಳು ಕಳೆಯುವ ಹೊತ್ತಿಗೆ ಅವೆಲ್ಲ ಬದಿಗೆ ಸರಿದು, “ನನ್ನ ಜೊತೆಯವರೆಲ್ಲ ಎಲ್ಲೆಲ್ಲಿಗೋ ಹೋಗಿ ಮುಟ್ಟಿದರು, ನಾನು ಮಾತ್ರ ನಿಂತಲ್ಲೇ ನಿಂತೆ” ಎಂಬ ಒಂದು ಮಾತು ಉಳಿಯುತ್ತದೆ. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬ ಯುವತಿಯ ಪ್ರಕರಣ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ಇದರಲ್ಲಿ ನಾನು ಮೂರು ಸಲ ತಪ್ಪು ದಾರಿ ಹಿಡಿದೆ. ಆ ತಪ್ಪುಗಳನ್ನು ಬರೆದಿಟ್ಟರೆ ಇದೇ ಕೆಲಸ ಮಾಡುವ ಇತರರಿಗೂ, ಮನೆಯಲ್ಲಿ ಇಂಥ ಮಗನನ್ನೋ ಮಗಳನ್ನೋ ನೋಡುತ್ತ ಏನು ಹೇಳುವುದೆಂದು ತೋಚದೆ ಕುಳಿತವರಿಗೂ ಪ್ರಯೋಜನವಾದೀತು ಎಂದು ನಂಬಿದ್ದೇನೆ. ಆಕೆ ಈ ಬರಹವನ್ನು ಓದಿ ಒಪ್ಪಿಗೆ ಕೊಟ್ಟಿದ್ದಾಳೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣದ ತಿರುಳು ಇಬ್ಬರು ಅಕ್ಕತಂಗಿಯರ ನಡುವೆ ಇರುವುದರಿಂದ ಅವರನ್ನು ಅಕ್ಕ, ತಂಗಿ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಅಕ್ಕ ಹುಟ್ಟಿದ್ದು 1997ರಲ್ಲಿ, ತಂಗಿ ಅದಾದ ಎರಡು ವರ್ಷಕ್ಕೆ. ಮಡಿಕೇರಿಗೂ ಸೋಮವಾರಪೇಟೆಗೂ ನಡುವಿನ ಗುಡ್ಡದ ಊರೊಂದರಲ್ಲಿ ಅವರ ತಂದೆಗೆ ಮೂರು ಎಕರೆ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಳಗೆ ಒಂದು ತುಂಡು ಗದ್ದೆ ಇತ್ತು. ಅಕ್ಕ 2018ರಲ್ಲಿ ಬಿಎಸ್ಸಿ ಮುಗಿಸಿ, ಮೈಸೂರಿನಲ್ಲಿ ಎಂಎಸ್ಸಿ ಓದಲು ಸೀಟು ಪಡೆದಿದ್ದಳು. ಆ ಮನೆತನದಲ್ಲಿ ಸ್ನಾತಕೋತ್ತರ ಪದವಿಗೆ ಹೊರಟ ಮೊದಲ ಹುಡುಗಿ ಅವಳೇ. ತಂಗಿ ಆಗ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದಳು.

ಆ ವರ್ಷದ ಆಗಸ್ಟ್ ಮಧ್ಯಭಾಗದಲ್ಲಿ ಮಹಾಮಳೆಗೆ ಗುಡ್ಡಗಳು ಕುಸಿದು ಕೊಡಗಿನಲ್ಲಿ ನಡೆದದ್ದನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಎಂಬ ಊರ ಹೆಸರುಗಳು ಅಂದಿನಿಂದ ಇಂದಿನವರೆಗೂ ಮಳೆಯ ಜೊತೆಗೇ ನೆನಪಿಗೆ ಬರುತ್ತವೆ. ಈ ಕುಟುಂಬದ ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿದು ಮನೆಯ ಅರ್ಧಭಾಗ ಹೋಯಿತು, ತೋಟದ ಮೇಲ್ಭಾಗವೆಲ್ಲ ಜಾರಿ ಗದ್ದೆಯ ಮೇಲೆ ಬಂದು ಕೂತಿತು. ದನಗಳನ್ನು ಬಿಚ್ಚಲು ಕೊಟ್ಟಿಗೆಗೆ ಓಡಿದ ತಂದೆಯ ಕಾಲು ಮುರಿಯಿತು. ಮೂರು ವಾರ ಪರಿಹಾರ ಕೇಂದ್ರದಲ್ಲಿದ್ದು, ಬಳಿಕ ಕುಶಾಲನಗರದ ಕಡೆ ಬಾಡಿಗೆ ಮನೆ ಹಿಡಿದು, ಕೊನೆಗೆ ಸಂತ್ರಸ್ತರಿಗಾಗಿ ಕಟ್ಟಿದ ಬಡಾವಣೆಯೊಂದರಲ್ಲಿ ನೆಲೆ ನಿಂತರು.

ಎಂಎಸ್ಸಿಯ ಶುಲ್ಕ ಕಟ್ಟುವ ಕೊನೆಯ ದಿನ ಪರಿಹಾರ ಕೇಂದ್ರದಲ್ಲಿರುವಾಗಲೇ ಕಳೆದುಹೋಯಿತು. ಅದರ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಅಕ್ಕ ಅಕ್ಟೋಬರಿನಲ್ಲಿ ಒಂದು ಹೋಂಸ್ಟೇಯ ಸ್ವಾಗತ ಮೇಜಿನ ಹಿಂದೆ ಒಂಬತ್ತು ಸಾವಿರ ರೂಪಾಯಿ ಸಂಬಳಕ್ಕೆ ಕುಳಿತಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಪ್ರವಾಸಿಗರು ನಿಂತಾಗ ಔಷಧಿ ಅಂಗಡಿಯೊಂದರಲ್ಲಿ ಕೆಲವು ತಿಂಗಳು ದುಡಿದು, ಮತ್ತೆ ಹೋಂಸ್ಟೇಗೆ ಮರಳಿದಳು. ತಂಗಿ 2021ರಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು.

ಸಮಸ್ಯೆ

ಅಕ್ಕ ನನ್ನ ಬಳಿಗೆ ಬಂದದ್ದು 2023ರ ಜುಲೈನಲ್ಲಿ. ಆಗ ಅವಳಿಗೆ ಇಪ್ಪತ್ತಾರು. ಎರಡು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ರೆ ಹತ್ತುವುದಿಲ್ಲ, ಬೆಳಗ್ಗೆ ತಲೆ ಸಿಡಿಯುತ್ತದೆ ಎಂದು ಹೇಳಿಕೊಂಡಳು. ಮೊದಲು ವೈದ್ಯರಲ್ಲಿಗೆ ಕಳುಹಿಸಿದೆ. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ತುಸು ಕಡಿಮೆಯಿದ್ದುದರಿಂದ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಖಿನ್ನತೆಯನ್ನು ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 13 ಅಂಕ ಬಂದವು. ಅಂದರೆ ಮಧ್ಯಮ ಪ್ರಮಾಣ. ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. “ಸಾಯಬೇಕು ಅಂತ ಇಲ್ಲ ಮೇಡಂ, ಯಾರ ಕಣ್ಣಿಗೂ ಬೀಳದ ಹಾಗೆ ಇದ್ದರೆ ಸಾಕು ಅನ್ನಿಸುತ್ತೆ” ಎಂದಳು. ಆ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳದೆ, ಪ್ರತಿ ಭೇಟಿಯಲ್ಲೂ ಮತ್ತೆ ಕೇಳುವುದೆಂದೂ, ಅಂಕ ಮಧ್ಯಮ ಪ್ರಮಾಣವನ್ನು ಮೀರಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣುವುದೆಂದೂ ಇಬ್ಬರೂ ಒಪ್ಪಿಕೊಂಡೆವು. ರಾತ್ರಿ ವೇಳೆ ಮನಸ್ಸು ಕೈಮೀರಿದರೆ ಕರೆಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳ ಫೋನಿನಲ್ಲಿ ಉಳಿಸಿಕೊಟ್ಟೆ.

ಮೂರನೆಯ ಭೇಟಿಯಲ್ಲಿ ಒಂದು ನೋಟ್‌ಪುಸ್ತಕ ತಂದಳು. ಅದರಲ್ಲಿ ಗೆರೆ ಎಳೆದು ಒಂದು ತಖ್ತೆ ಮಾಡಿದ್ದಳು. ಎಡಗಡೆ ಬಿಎಸ್ಸಿಯ ಸಹಪಾಠಿಗಳು ಹತ್ತೊಂಬತ್ತು ಮಂದಿಯ ಹೆಸರು. ಮೇಲೆ ಓದು, ಕೆಲಸ, ಮದುವೆ, ಮನೆ, ಮಗು ಎಂಬ ಐದು ಕಲಂ. ಯಾರ ಯಾರ ಎದುರಿಗೆ ಎಷ್ಟು ಗುರುತು ಬಿದ್ದಿದೆ ಎಂಬುದನ್ನು ವಾಟ್ಸ್‌ಆ್ಯಪ್ ಗುಂಪಿನಿಂದಲೂ ಊರ ಮಾತಿನಿಂದಲೂ ಕೂಡಿಸಿಕೊಂಡಿದ್ದಳು. ಕೊನೆಯ ಸಾಲಿನಲ್ಲಿ ಅವಳ ಹೆಸರಿತ್ತು, ಅದರ ಮುಂದೆ ಐದೂ ಖಾಲಿ. ಹಿಂದೆ ಪಾಠ ಹೇಳಿದ ಅಧ್ಯಾಪಕಿ ಬೆಳಗಿನ ಒಂದು ಬಸ್ಸಿನಲ್ಲಿ ಸಿಗುತ್ತಾರೆಂದು ಅದಕ್ಕಿಂತ ಮುಕ್ಕಾಲು ಗಂಟೆ ಮೊದಲಿನ ಬಸ್ಸು ಹಿಡಿಯುತ್ತಿದ್ದಳು. ಎರಡು ವರ್ಷಗಳಿಂದ ಯಾರ ಮದುವೆಗೂ ಹೋಗಿರಲಿಲ್ಲ, ಊಟದ ಸಾಲಿನಲ್ಲಿ ಯಾರಾದರೂ “ಈಗ ಏನು ಮಾಡ್ಕೊಂಡಿದ್ದೀಯಮ್ಮ?” ಎಂದು ಕೇಳಿಯೇ ಕೇಳುತ್ತಾರೆ ಎಂಬ ಭಯಕ್ಕೆ.

ಇದೆಲ್ಲ ಬಹುಕಾಲದಿಂದ ಇದ್ದದ್ದು. ನಿದ್ರೆ ಕೆಟ್ಟದ್ದು ಮಾತ್ರ ತಂಗಿಗೆ ಸಂಬಂಧ ಕೂಡಿಬಂದ ಮೇಲೆ. ಬೆಂಗಳೂರಿನಲ್ಲಿ ಜೊತೆಯಲ್ಲಿ ಕೆಲಸ ಮಾಡುವ, ಹಾಸನ ಕಡೆಯ ಹುಡುಗ. ಎರಡೂ ಮನೆಯವರಿಗೆ ಒಪ್ಪಿಗೆಯಾಗಿತ್ತು. ಮಾತುಕತೆಗೆ ಬಂದ ಹಿರಿಯರೊಬ್ಬರು “ದೊಡ್ಡವಳು ಮನೆಯಲ್ಲಿರುವಾಗ ಚಿಕ್ಕವಳನ್ನು ಹೇಗೆ ಕಳುಹಿಸುವುದು?” ಎಂದು ಕೇಳಿದರಂತೆ. ಅಕ್ಕ ಆಗ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಆ ಮಾತು ಹೇಳಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ ಎಂದು ಅವಳೇ ನನಗೆ ಎರಡು ಸಲ ಹೇಳಿದಳು.

ಬರ್ನೀಸ್ ನ್ಯೂಗಾರ್ಟನ್ ಎಂಬ ಅಮೆರಿಕದ ವಿದ್ವಾಂಸೆ 1960ರ ದಶಕದಲ್ಲಿ ‘ಸಾಮಾಜಿಕ ಗಡಿಯಾರ’ ಎಂಬ ಮಾತನ್ನು ಬಳಕೆಗೆ ತಂದರು. ಓದು ಮುಗಿಸಲು, ಕೆಲಸ ಹಿಡಿಯಲು, ಮದುವೆಯಾಗಲು ಇಂಥ ವಯಸ್ಸು ಎಂದು ಸಮಾಜ ತನ್ನೊಳಗೆ ಒಪ್ಪಿಕೊಂಡಿರುತ್ತದೆ, ಅದರ ಮುಳ್ಳಿಗೆ ಸರಿಯಾಗಿ ನಡೆದೆವೋ ಇಲ್ಲವೋ ಎಂದು ನಾವು ನಮ್ಮನ್ನೇ ಅಳೆದುಕೊಳ್ಳುತ್ತೇವೆ ಎಂಬುದು ಅದರ ಸಾರ. ನಮ್ಮ ಕಡೆ ಆ ಗಡಿಯಾರಕ್ಕೆ ಇನ್ನೊಂದು ಮುಳ್ಳಿದೆ. ಅಕ್ಕ ಮೊದಲು, ತಂಗಿ ನಂತರ ಎಂಬ ಸರದಿ ಅದು. ಇಪ್ಪತ್ತಾರು ತಡವಾದ ವಯಸ್ಸೇನೂ ಅಲ್ಲ ಎಂದು ಯಾರು ಎಷ್ಟೇ ಹೇಳಿದರೂ, ಸರದಿ ತಪ್ಪಿದವಳು ಎಂಬ ಅವಳ ಅನುಭವಕ್ಕೆ ಅದು ಉತ್ತರವಾಗುತ್ತಿರಲಿಲ್ಲ.

ಫಲಿಸದ ಪ್ರಯತ್ನಗಳು

ಮೊದಲನೆಯ ತಪ್ಪು ನನ್ನ ಬಾಯಿಂದಲೇ ಬಂತು. ತೋಟದ ಮನೆಯ ಮಗಳಲ್ಲವೇ, ಅರ್ಥವಾದೀತು ಎಂದುಕೊಂಡು, “ಕಾಫಿಯಲ್ಲಿ ಅರೇಬಿಕಾ ಮೊದಲು ಹಣ್ಣಾಗುತ್ತದೆ, ರೊಬಸ್ಟಾ ಆಮೇಲೆ. ತಡವಾಯಿತೆಂದು ರೊಬಸ್ಟಾವನ್ನು ಯಾರಾದರೂ ಬೈಯುತ್ತಾರೆಯೇ?” ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಹೇಳಿದಳು: “ರೊಬಸ್ಟಾ ತಡವಾಗಿ ಹಣ್ಣಾಗೋದು ಹೂಮಳೆ ಬಿದ್ದ ವರ್ಷ ಮೇಡಂ. ಫೆಬ್ರವರಿ, ಮಾರ್ಚ್‌ನಲ್ಲಿ ಮಳೆ ಕೈಕೊಟ್ಟರೆ ಆ ವರ್ಷದ ಫಸಲೇ ಇಲ್ಲ. ಸ್ಪ್ರಿಂಕ್ಲರ್ ಇದ್ದವರು ಕೆರೆ ನೀರು ಹಾರಿಸಿ ಹೂ ಅರಳಿಸಿಕೊಳ್ಳುತ್ತಾರೆ. ನಮ್ಮ ತೋಟದಲ್ಲಿ ಅದೂ ಇರಲಿಲ್ಲ.”

ಕಾಫಿ ಹೂ ಅರಳಲು ಬೇಕಾದ ಆ ಮಳೆಯನ್ನೇ ನಮ್ಮಲ್ಲಿ ಹೂಮಳೆ ಎನ್ನುವುದು. ಅಂದು ನಾನು ಅವಳ ಮಾತಿಗೆ ಉತ್ತರ ಕೊಡಲಿಲ್ಲ. ಕೊಡಬಹುದಾದ ಉತ್ತರವೂ ನನ್ನಲ್ಲಿರಲಿಲ್ಲ. ಆ ಮಾತಿನಲ್ಲಿ ಇಡೀ ಪ್ರಕರಣ ಅಡಗಿತ್ತು ಎಂಬುದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು. ‘ಎಲ್ಲರಿಗೂ ಅವರವರ ಕಾಲ’ ಎಂಬ ಸಮಾಧಾನದಲ್ಲಿ, ಕಾಲ ಬಂದೇ ಬರುತ್ತದೆ ಎಂಬ ಭರವಸೆ ಅಡಗಿರುತ್ತದೆ. ಅವಳಿಗೆ ಆದದ್ದು ತಡವಲ್ಲ, ನಷ್ಟ. ನಷ್ಟವನ್ನು ತಡ ಎಂದು ಕರೆದಾಗ, ಕಳೆದುಕೊಂಡವರಿಗೆ ಅಳುವ ಹಕ್ಕೂ ಇಲ್ಲದಂತಾಗುತ್ತದೆ.

ಎರಡನೆಯದಾಗಿ ಫೋನಿನ ಮೇಲೆ ಕೈಹಾಕಿದೆವು. ಸಹಪಾಠಿಗಳ ಗುಂಪಿನಿಂದ ಹೊರಬಂದು, ರಾತ್ರಿ ಫೋನನ್ನು ಅಡುಗೆಮನೆಯಲ್ಲಿಟ್ಟು ಮಲಗುವುದು ಎಂದಾಯಿತು. ಮೂರು ವಾರದಲ್ಲಿ ನಿದ್ರೆ ಎಷ್ಟೋ ಸುಧಾರಿಸಿತು. ಆ ಮಟ್ಟಿಗೆ ಈ ಕ್ರಮವನ್ನು ನಾನು ಈಗಲೂ ಸೂಚಿಸುತ್ತೇನೆ. ಆದರೆ ಭಾವನೆ ಇದ್ದಲ್ಲೇ ಇತ್ತು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಹೇಳಿದಂತೆ ಮನುಷ್ಯ ತನ್ನನ್ನು ಹೋಲಿಸಿಕೊಳ್ಳುವುದು ತನ್ನಂಥವರೊಡನೆ. ಅಕ್ಕನಿಗೆ ಅಂಥವಳು ಫೋನಿನೊಳಗಿದ್ದ ಹತ್ತೊಂಬತ್ತು ಮಂದಿಗಿಂತಲೂ ಹತ್ತಿರದಲ್ಲಿದ್ದಳು. ಒಂದೇ ಮನೆಯಲ್ಲಿ, ಒಂದೇ ಊಟ ಉಂಡು, ಒಂದೇ ರಾತ್ರಿ ಆ ಮನೆಯಿಂದ ಹೊರಗೋಡಿದ ತಂಗಿ ಅವಳು.

ಮೂರನೆಯ ತಪ್ಪು ಹೆಚ್ಚು ಬೆಲೆ ತೆತ್ತದ್ದು. ಆಗಸ್ಟ್ ಕೊನೆಯಲ್ಲಿ ಅಕ್ಕ ತುಂಬ ಉತ್ಸಾಹದಿಂದ ಬಂದು ಒಂದು ವೇಳಾಪಟ್ಟಿ ತೋರಿಸಿದಳು. ಆರು ತಿಂಗಳಲ್ಲಿ ಬ್ಯಾಂಕ್ ಪರೀಕ್ಷೆಗೆ ತಯಾರಿ, ಎಂಎಸ್ಸಿ ಪ್ರವೇಶಕ್ಕೆ ಓದು, ಇಂಗ್ಲಿಷ್ ಮಾತುಗಾರಿಕೆಯ ತರಗತಿ; ಬೆಳಗ್ಗೆ ನಾಲ್ಕೂವರೆಗೆ ಏಳುವುದು, ಕೆಲಸ ಮುಗಿಸಿ ಬಂದು ರಾತ್ರಿ ಹನ್ನೊಂದರವರೆಗೆ ಕೂರುವುದು. ಇದನ್ನು ಚೇತರಿಕೆಯ ಗುರುತೆಂದು ತಿಳಿದು ನಾನು ಸಂತೋಷಪಟ್ಟೆ. ಆ ಪಟ್ಟಿಯನ್ನು ಬರೆಸಿದ್ದು ಆಸೆಯಲ್ಲ, ನಾಚಿಕೆ ಎಂಬುದನ್ನು ನಾನು ಗಮನಿಸಬೇಕಿತ್ತು. ಅದರಲ್ಲಿ ಅವಳಿಗೆ ಇಷ್ಟವಾದದ್ದು ಯಾವುದು ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ. ಖಾಲಿ ಕಲಂಗಳನ್ನು ಬೇಗ ಬೇಗ ತುಂಬುವ ಧಾವಂತ ಮಾತ್ರ ಇತ್ತು. ಐದನೆಯ ವಾರಕ್ಕೆ ದಸರಾ ರಜೆಯ ಪ್ರವಾಸಿಗರು ಕೋಣೆ ಕಾದಿರಿಸಲು ಆರಂಭಿಸಿ ಹೋಂಸ್ಟೇಯಲ್ಲಿ ಕೆಲಸ ಹೆಚ್ಚಾಯಿತು, ವೇಳಾಪಟ್ಟಿ ಕುಸಿಯಿತು. “ಇದನ್ನೂ ಮುಗಿಸಲಾಗಲಿಲ್ಲ” ಎಂಬ ಇನ್ನೊಂದು ಸೋಲು ಅವಳ ಲೆಕ್ಕಕ್ಕೆ ಸೇರಿತು. ಪಿಎಚ್‌ಕ್ಯೂ ಅಂಕ ಹದಿನಾಲ್ಕಕ್ಕೆ ಏರಿತು. ಆ ದಿನ ನಾನು ಅವಳ ಕ್ಷಮೆ ಕೇಳಿದೆ.

ತಿರುವು

ಅಕ್ಟೋಬರ್ ಕೊನೆಯಲ್ಲಿ, ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಗಳ ಗದ್ದಲವೆಲ್ಲ ಇಳಿದ ಮೇಲೆ, ಬೇರೆ ರೀತಿಯಲ್ಲಿ ಆರಂಭಿಸಿದೆವು. ಹೂಮಳೆಯ ಮಾತನ್ನು ನಾನು ಮತ್ತೆ ಎತ್ತಿದೆ. ತೋಟದ ಲೆಕ್ಕದಲ್ಲಿ ಫಸಲಿಲ್ಲದ ವರ್ಷವೂ ಖಾಲಿ ಪುಟವಾಗಿರುವುದಿಲ್ಲ. ಆ ವರ್ಷವೂ ಮರಗಸಿ (ನೆರಳುಮರಗಳ ಕೊಂಬೆ ಸವರುವುದು) ಮಾಡಿಸಬೇಕು, ಕಪಾತು (ಕಾಫಿ ಗಿಡ ಸವರುವುದು) ಮಾಡಬೇಕು, ಗೊಬ್ಬರ ಹಾಕಬೇಕು, ಆಳಿಗೆ ಸಂಬಳ ಕೊಡಬೇಕು, ಎಲ್ಲವೂ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಹಾಗೆಯೇ 2018ರಿಂದ 2023ರವರೆಗಿನ ಐದು ವರ್ಷಗಳನ್ನು ತಿಂಗಳು ತಿಂಗಳಾಗಿ ಒಂದು ಉದ್ದನೆಯ ಹಾಳೆಯಲ್ಲಿ ಬರೆಯಲು ಹೇಳಿದೆ. ಸಾಧನೆಗಳನ್ನು ಬರೆಯಬಾರದು, ಆ ತಿಂಗಳು ಮನೆ ಯಾವುದರ ಮೇಲೆ ನಡೆಯಿತು, ಯಾರು ಏನು ಮಾಡಿದರು ಎಂದಷ್ಟೇ.

ಅವಳು ಎರಡು ವಾರ ತೆಗೆದುಕೊಂಡಳು. ಮನೆಖರ್ಚಿನ ಹಳೆಯ ಡೈರಿಗಳನ್ನೆಲ್ಲ ಹುಡುಕಿ, ನಾಲ್ಕು ಹಾಳೆ ಅಂಟಿಸಿ ತಂದಳು. ತಂಗಿಯ ಮೂರು ವರ್ಷದ ಕಾಲೇಜು ಮತ್ತು ಹಾಸ್ಟೆಲಿನ ಶುಲ್ಕದ ಕಂತುಗಳು, ತಂದೆಯ ಕಾಲಿಗೆ ಎರಡನೆಯ ಸಲ ಆದ ಶಸ್ತ್ರಚಿಕಿತ್ಸೆ, ಬಾಡಿಗೆ ಮನೆಯ ಮುಂಗಡ, ಲಾಕ್‌ಡೌನಿನಲ್ಲಿ ಅಡವಿಟ್ಟ ಸರ, ಅದನ್ನು ಬಿಡಿಸಿಕೊಂಡ ತಿಂಗಳು, ಪರಿಹಾರದ ಕಾಗದಪತ್ರಕ್ಕಾಗಿ ಕಚೇರಿಗಳಿಗೆ ಅಲೆದ ದಿನಗಳು, ಎಲ್ಲವೂ ಅಲ್ಲಿದ್ದವು. ತಂಗಿಯ ಓದಿಗೆ ಕೊಟ್ಟದ್ದನ್ನು ಅವಳು ಎಂದೂ ಕೂಡಿ ನೋಡಿರಲಿಲ್ಲ. ನನ್ನ ಮುಂದೆ ಕೂಡಿದಳು: ಮೂರು ಲಕ್ಷದ ಹನ್ನೊಂದು ಸಾವಿರ.

ಆ ಮೊತ್ತ ನೋಡಿ ಅವಳ ಮನಸ್ಸು ಹಗುರಾಗಬಹುದು ಎಂದು ನಾನು ನಿರೀಕ್ಷಿಸಿದ್ದೆ. ಅವಳಿಗೆ ಕೋಪ ಬಂತು. ಅಷ್ಟು ದಿನ ತಗ್ಗಿದ ದನಿಯಲ್ಲೇ ಮಾತಾಡಿದ್ದವಳು ಅಂದು ದನಿ ಏರಿಸಿ, “ಕೊಡು ಅಂತ ಯಾರೂ ಕೇಳಲಿಲ್ಲ, ಕೊಟ್ಟೆ ಅಂತ ಯಾರೂ ಹೇಳಲಿಲ್ಲ. ನಾನೇ ಕೊಟ್ಟು ನಾನೇ ಮರೆತು ಈಗ ನಾನೇ ಹಿಂದೆ ಬಿದ್ದವಳು!” ಎಂದು ಅತ್ತಳು. ಒಂದು ಗಂಟೆಯ ಭೇಟಿ ಎರಡು ಗಂಟೆಗೆ ಎಳೆಯಿತು. ನಾನು ಸಮಾಧಾನ ಹೇಳದೆ ಕೂತದ್ದು ಈ ಪ್ರಕರಣದಲ್ಲಿ ಮಾಡಿದ ಸರಿಯಾದ ಕೆಲಸಗಳಲ್ಲಿ ಒಂದು.

ಹಾಳೆಯನ್ನು ಮತ್ತೆ ನೋಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 2018ರ ಆಗಸ್ಟ್ ಎದುರಿಗೆ ಬರೆ ಕುಸಿದದ್ದು, ಪರಿಹಾರ ಕೇಂದ್ರ, ತಂದೆಯ ಕಾಲು, ಸತ್ತ ಎರಡು ದನ, ಎಲ್ಲ ಇತ್ತು. ಎಂಎಸ್ಸಿ ಸೀಟಿನ ಮಾತು ಇರಲಿಲ್ಲ. ಇದನ್ನು ಗಮನಿಸಿದರೂ ಆಗ ಹೇಳಲಿಲ್ಲ. ಅದು ಅವಳಿಗೇ ಕಾಣಲಿ ಎಂದು ಬಿಟ್ಟೆ.

ಮನೆಯವರೊಂದಿಗೆ

ಕೋಪ ಹೊರಗೆ ಬಂದ ಮೇಲೆ ಅದನ್ನು ನನ್ನ ಕೋಣೆಯಲ್ಲೇ ಬಿಡಬೇಕೋ ಮನೆಗೆ ಒಯ್ಯಬೇಕೋ ಎಂಬುದು ಮುಂದಿನ ನಿರ್ಧಾರ. ಮದುವೆಯ ಮನೆ, ಲೆಕ್ಕ ತೆಗೆದರೆ ತಂಗಿಗೆ ಸಾಲ ಕೇಳಿದಂತೆ ಆಗಬಹುದು ಎಂದು ನಾನು ಹೆದರಿದ್ದೆ. ಅಕ್ಕನೇ ದಾರಿ ಹುಡುಕಿದಳು. ನವೆಂಬರ್ ಕೊನೆಯಲ್ಲಿ ಕೊಡಗಿನ ಸುಗ್ಗಿಹಬ್ಬ ಹುತ್ತರಿ ಬಂತು. ಗದ್ದೆ ಮಣ್ಣು ಪಾಲಾದಂದಿನಿಂದ ಅವರು ಕದಿರನ್ನು ನೆಂಟರ ಗದ್ದೆಯಿಂದ ತರುತ್ತಿದ್ದರು. ಹಬ್ಬವಾದ ಮರುವಾರ, ಐದು ವರ್ಷಗಳಲ್ಲಿ ಮೊದಲ ಸಲ, ತಂದೆಯ ಜೊತೆ ಹಳೆಯ ಜಾಗಕ್ಕೆ ಹೋಗಿಬರುತ್ತೇನೆ ಎಂದಳು. ಹೋಗುವ ಮುನ್ನ, ಉಸಿರು ಕಟ್ಟಿದಂತಾದರೆ ಎಲ್ಲಿ ಕೂರುವುದು, ಯಾವಾಗ ಹಿಂದಿರುಗುವುದು ಎಂಬುದನ್ನೆಲ್ಲ ಮಾತಾಡಿಕೊಂಡೆವು. ಆಘಾತವಾದ ಸ್ಥಳಕ್ಕೆ ಸಿದ್ಧತೆಯಿಲ್ಲದೆ ಹೋಗುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಗುಡ್ಡ ಜಾರಿದ ಗುರುತಿನ ಮೇಲೆ ಹುಲ್ಲು, ಲಂಟಾನ ಬೆಳೆದಿತ್ತಂತೆ. ಕೆಳಗಿನ ಅರ್ಧ ಎಕರೆಯಷ್ಟು ರೊಬಸ್ಟಾ ಮಾತ್ರ ಉಳಿದು, ಯಾರೂ ಕಪಾತು ಮಾಡದೆ ಎತ್ತರಕ್ಕೆ ಬೆಳೆದು, ಆದರೂ ಕಾಯಿ ಹಿಡಿದಿತ್ತು. ತಂದೆ ಆಗಾಗ ಒಬ್ಬರೇ ಬಸ್ಸಿನಲ್ಲಿ ಬಂದು ಅಲ್ಲಿ ಕೂತು ಹೋಗುತ್ತಿದ್ದರೆಂಬುದು ಅವಳಿಗೆ ಅಂದೇ ಗೊತ್ತಾದದ್ದು. ಅಲ್ಲಿ ಅವಳು ತಂದೆಗೆ ಹಾಳೆಯನ್ನು ತೋರಿಸಿದಳು. ಅವರು ಓದಿ, ಮಡಿಸಿ ಕೊಟ್ಟು, “ನಿನ್ನ ಸೀಟು ಹೋದದ್ದು ಗೊತ್ತಿತ್ತು ಮಗ. ಕೇಳಿದರೆ ನಾನೇ ಉತ್ತರ ಕೊಡಬೇಕಲ್ಲ ಅಂತ ಕೇಳಲಿಲ್ಲ” ಎಂದರು. ನಮ್ಮ ಕಡೆ ತಂದೆಯಂದಿರು ಹೆಣ್ಣುಮಕ್ಕಳನ್ನೂ ಮಗ ಎಂದೇ ಕರೆಯುತ್ತಾರೆ. ಇಷ್ಟನ್ನು ಹೇಳುವಾಗ ಅವಳ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಮುಂಚೆ ಕಂಡಿರಲಿಲ್ಲ.

ಡಿಸೆಂಬರಿನಲ್ಲಿ ತಂಗಿ ಬೆಂಗಳೂರಿನಿಂದ ಬಂದಾಗ ಇಬ್ಬರನ್ನೂ ಕೂರಿಸಿ ಒಂದು ಭೇಟಿ ನಡೆಸಿದೆ. ಅಕ್ಕ ತನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ, ಸಂಬಂಧ ಒಪ್ಪಿದ್ದೇ ತಪ್ಪಾಯಿತೇನೋ ಎಂದುಕೊಂಡು ತಂಗಿ ಆರು ತಿಂಗಳಿಂದ ನರಳುತ್ತಿದ್ದಳು. ತನ್ನ ಓದಿನ ಹಣ ಪೂರ್ತಿ ಪರಿಹಾರದ ದುಡ್ಡಿನಿಂದ ಬಂತೆಂದು ಅವಳು ನಂಬಿದ್ದಳು; ಹಾಗೆಂದು ಅವಳಿಗೆ ಹೇಳಿದವಳು ಅಕ್ಕನೇ. ಮುಂದೆ ಓಡುತ್ತಿರುವವಳು ಎಂದು ಅಕ್ಕ ಎಣಿಸಿದ್ದವಳು, ಹಿಂದೆ ತಿರುಗಿ ನೋಡಲು ಹೆದರಿಕೊಂಡಿದ್ದಳು.

ಮದುವೆಯ ಸರದಿಯ ಪ್ರಶ್ನೆ ಇನ್ನೂ ಉಳಿದಿತ್ತು. ಮೂವತ್ತೆಂಟು ವರ್ಷದ ವರನೊಬ್ಬನನ್ನು ಅವಸರದಲ್ಲಿ ಅಕ್ಕನಿಗೆ ಗೊತ್ತುಮಾಡಿ, ಒಂದೇ ಚಪ್ಪರದಲ್ಲಿ ಎರಡು ಮದುವೆ ಮುಗಿಸುವ ಸೂಚನೆ ಬಂದಿತ್ತು. ಅಕ್ಕ ತಂದೆತಾಯಿಯ ಎದುರಿಗೆ ಕೂತು, ತಂಗಿಯ ಮದುವೆ ಮೊದಲು ಆಗಲಿ, ತನಗೆ ಬೇಕೆನಿಸಿದಾಗ ತಾನೇ ಹೇಳುತ್ತೇನೆ ಎಂದಳು. ತಾಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಂದೆ ಮಾತ್ರ ಮಗಳ ಪಕ್ಷ ನಿಂತರು. ತೋಟದಲ್ಲಿ ಆ ಮಾತು ನಡೆಯದಿದ್ದರೆ ನಿಲ್ಲುತ್ತಿದ್ದರೋ ಇಲ್ಲವೋ ಹೇಳಲಾರೆ.

ಓದು ಮತ್ತು ಕೆಲಸ

ಎಂಎಸ್ಸಿಯ ವಿಷಯದಲ್ಲಿ ನಾನು ಒಂದೇ ಪ್ರಶ್ನೆ ಇಟ್ಟೆ: “ಮಾಡಿದ್ದೀರೆಂದು ಯಾರಿಗೂ ತಿಳಿಯುವುದೇ ಇಲ್ಲ ಎಂದಾದರೂ ಮಾಡುತ್ತೀರಾ?” ಅವಳು ತಕ್ಷಣ ಉತ್ತರಿಸಲಿಲ್ಲ. ಜನವರಿಯಲ್ಲಿ ಒಂದು ಮಧ್ಯಾಹ್ನ ಕುಶಾಲನಗರದಿಂದ ಬಸ್ಸು ಹಿಡಿದು ಚಿಕ್ಕ ಅಳುವಾರಕ್ಕೆ ಹೋಗಿ, ಆಗ ಕೊಡಗು ವಿಶ್ವವಿದ್ಯಾಲಯವಾಗಿದ್ದ ಆವರಣದಲ್ಲಿ ಒಂದು ಗಂಟೆ ಕೂತು ಬಂದಳು. ಅಲ್ಲಿದ್ದ ಹುಡುಗಿಯರನ್ನು ಕಂಡು ಹೊಟ್ಟೆ ಉರಿಯುತ್ತದೆ ಎಂದುಕೊಂಡಿದ್ದಳಂತೆ, ಉರಿಯಲಿಲ್ಲ. ತನಗೆ ಬೇಕಾಗಿದ್ದುದು 2018ರ ಆ ಸೀಟು, ಆ ಮೈಸೂರು, ಆ ಇಪ್ಪತ್ತೊಂದರ ವಯಸ್ಸು. ಇವತ್ತಿನ ಎಂಎಸ್ಸಿ ಅದನ್ನು ತಂದುಕೊಡುವುದಿಲ್ಲ ಎಂದಳು. ಭಯದಿಂದ ಹಿಂದೆ ಸರಿಯುತ್ತಿದ್ದಾಳೆಯೇ ಎಂದು ಎರಡು ಭೇಟಿಗಳಲ್ಲಿ ಕೆದಕಿ ಕೇಳಿದೆ. ಹಾಗೆ ಅನ್ನಿಸಲಿಲ್ಲ.

ಮುಂದಿನದರಲ್ಲಿ ಅದೃಷ್ಟದ ಪಾಲೂ ಇದೆ, ಅದನ್ನು ಮರೆಮಾಚಬಾರದು. ಉಳಿದ ಅರ್ಧ ಎಕರೆಯಲ್ಲಿ ತಂದೆಯೂ ಮಗಳೂ ಸೇರಿ ಕುಯ್ದು ಒಣಗಿಸಿದ ರೊಬಸ್ಟಾ ಚೆರಿ ನಾಲ್ಕು ಚೀಲವಾಯಿತು. ಮಾರಲು ಹೋದಲ್ಲಿ, ಮಾದರಿ ತೆಗೆದು ತೇವಾಂಶ ಅಳೆದು, ಸಿಪ್ಪೆ ಬಿಡಿಸಿ ಎಷ್ಟು ಬೀಜ ಬರುತ್ತದೆ ಎಂದು ಓಟಿ ನೋಡುವುದನ್ನು ಅಕ್ಕ ನಿಂತು ಗಮನಿಸಿದಳು. ಆ ವರ್ಷ ರೊಬಸ್ಟಾ ಬೆಲೆ ಏರುತ್ತಿದ್ದುದರಿಂದ ಎಲ್ಲ ಕಡೆ ಖರೀದಿ ಜೋರಾಗಿತ್ತು. ಇಲ್ಲಿ ಕೆಲಸವಿದೆಯೇ ಎಂದು ಅವಳು ಅಲ್ಲೇ ಕೇಳಿದಳು. ಯಾರದೋ ಎದುರು ನಿಂತು ತನಗಾಗಿ ಏನನ್ನಾದರೂ ಕೇಳಿದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಮಾರ್ಚ್‌ನಲ್ಲಿ ಕಾಫಿ ಸಂಸ್ಕರಣ ಘಟಕವೊಂದರ ಗುಣಮಟ್ಟ ವಿಭಾಗಕ್ಕೆ ಸೇರಿದಳು. ಸಂಬಳ ಹೋಂಸ್ಟೇಗಿಂತ ಒಂದು ಸಾವಿರ ಕಡಿಮೆ.

ಈ ಪ್ರಕರಣದಿಂದ ನಾನು ಬದಲಿಸಿಕೊಂಡದ್ದು

ಹಿಂದೆ ಬಿದ್ದೆ ಎನ್ನುವವರಿಗೆ ಹೋಲಿಕೆ ಬಿಡಿ ಎಂದು ಹೇಳುವುದನ್ನು ನಾನು ನಿಲ್ಲಿಸಿದ್ದೇನೆ. ಆ ಮಾತಿನೊಳಗೆ ಏನೇನು ಸೇರಿಕೊಂಡಿದೆ ಎಂದು ಬಿಡಿಸುವುದರಿಂದ ಈಗ ಆರಂಭಿಸುತ್ತೇನೆ. ಅಕ್ಕನಲ್ಲಿ ಅದು ಮೂರು ಎಳೆಯಾಗಿತ್ತು: ನಿಜವಾಗಿ ಕಳೆದುಕೊಂಡ ಒಂದು ಅವಕಾಶ, ಯಾರೂ ಗುರುತಿಸದ ಐದು ವರ್ಷದ ದುಡಿಮೆ, ಮತ್ತು ಬೇರೆಯವರು ಹಾಕಿಕೊಟ್ಟ ಸರದಿ. ಮೊದಲನೆಯದಕ್ಕೆ ಬೇಕಾದದ್ದು ದುಃಖಿಸಲು ಅವಕಾಶ. ಎರಡನೆಯದಕ್ಕೆ ಮನೆಯವರ ಬಾಯಿಂದ ಒಂದು ಒಪ್ಪಿಗೆಯ ಮಾತು, ಅದನ್ನು ಸಮಾಲೋಚಕಿಯಾದ ನಾನು ಎಷ್ಟು ಸಲ ಹೇಳಿದರೂ ಸಾಲದು. ಮೂರನೆಯದನ್ನು ಮಾತ್ರ ಪ್ರಶ್ನಿಸಬಹುದು, ಅದೂ ಮೊದಲಿನೆರಡು ತೀರಿದ ಮೇಲೆ. ನಾನು ತಲೆಕೆಳಗಾಗಿ, ಮೂರನೆಯದರಿಂದ ಶುರುಮಾಡಿದ್ದೆ.

ವೇಳಾಪಟ್ಟಿಯ ಉತ್ಸಾಹವನ್ನು ಕಂಡರೆ ಈಗ ಎಚ್ಚರ ವಹಿಸುತ್ತೇನೆ, ಅದರಲ್ಲೂ ಎಲ್ಲ ಕಲಂಗಳನ್ನೂ ಒಟ್ಟಿಗೆ ತುಂಬಲು ಹೊರಟ ಪಟ್ಟಿಯಾಗಿದ್ದರೆ. ಕೋಪ ಬಂದಾಗ ಚೇತರಿಕೆ ಹಿಮ್ಮೆಟ್ಟಿತೆಂದು ಗಾಬರಿಯಾಗುವುದಿಲ್ಲ. ಇನ್ನೊಂದು ವಿಷಯವನ್ನು ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಒತ್ತಿ ಹೇಳಬಯಸುತ್ತೇನೆ. 2018ರಲ್ಲಿ ಹದಿನೆಂಟರಿಂದ ಇಪ್ಪತ್ತೆರಡರೊಳಗಿದ್ದವರು ಈಗ ಮೂವತ್ತರ ಹತ್ತಿರ ಬರುತ್ತಿದ್ದಾರೆ. 2019ರ ತೋರ, 2020ರ ತಲಕಾವೇರಿಯ ಭೂಕುಸಿತಗಳು, ನಡುವೆ ಕೊರೋನಾ, ಹೀಗೆ ಒಂದರ ಮೇಲೊಂದು ಬಂದ ವರ್ಷಗಳಲ್ಲಿ ಅವರಲ್ಲಿ ಎಷ್ಟೋ ಮಂದಿ ಮನೆಯನ್ನು ಹೊತ್ತಿದ್ದಾರೆ. ಮನೆ, ಜಮೀನು, ದನಕರು ಹೋದದ್ದಕ್ಕೆ ಅರ್ಜಿಯ ನಮೂನೆಗಳಿದ್ದವು. ಬಿಟ್ಟುಹೋದ ಓದನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಇಂಥವರು ನಿದ್ರೆಯಿಲ್ಲವೆಂದು ಬಂದಾಗ, ಆ ವರ್ಷ ನೀವು ಏನು ಓದುತ್ತಿದ್ದಿರಿ ಎಂದು ಕೇಳಿ ನೋಡಬೇಕು.

ಮುಂದಿನ ಭೇಟಿ

ತಂಗಿಯ ಮದುವೆ 2024ರ ಮೇ ತಿಂಗಳಲ್ಲಿ ಆಯಿತು. ಊಟದ ಸಾಲಿನಲ್ಲಿ ಕೇಳಬಹುದಾದ ಪ್ರಶ್ನೆಗೆ ಅಕ್ಕ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದಳು, “ಕಾಫಿ ಗುಣಮಟ್ಟ ನೋಡುವ ಕೆಲಸ ಮಾಡ್ತಿದ್ದೇನೆ” ಎಂದು. ಹನ್ನೊಂದು ಜನ ಕೇಳಿದರು, ಹನ್ನೊಂದು ಸಲ ಅದನ್ನೇ ಹೇಳಿದಳು. ಕೊನೆಕೊನೆಗೆ ದನಿ ನಡುಗಲಿಲ್ಲ ಎಂದು ಫೋನಿನಲ್ಲಿ ತಿಳಿಸಿದಳು. ಧಾರೆಯ ಹೊತ್ತಿನಲ್ಲಿ ಮಾತ್ರ ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದಳಂತೆ. ತಂಗಿಯ ಓದಿನ ಹಣವನ್ನು ತಂಗಿ ಕಂತಿನಲ್ಲಿ ಹಿಂದಿರುಗಿಸುವೆನೆಂದಾಗ ಮೊದಲು ಬೇಡವೆಂದು, ಆಮೇಲೆ ಒಪ್ಪಿಕೊಂಡಳು. ಒಪ್ಪಿಕೊಂಡದ್ದು ನನಗೆ ಸಂತೋಷ ಕೊಟ್ಟಿತು.

ಕೊನೆಯ ಭೇಟಿ ಅದೇ ವರ್ಷದ ಡಿಸೆಂಬರಿನಲ್ಲಿ. ಪಿಎಚ್‌ಕ್ಯೂ ಅಂಕ ಐದಿತ್ತು. ಆಗಸ್ಟಿನಲ್ಲಿ ಮಳೆ ಜೋರಾದ ಹತ್ತು ದಿನ ನಿದ್ರೆ ಮತ್ತೆ ಕೆಟ್ಟಿತ್ತು, ಸಹಪಾಠಿಯೊಬ್ಬಳು ಮೈಸೂರಿನಲ್ಲಿ ಮನೆ ಕಟ್ಟಿದ ಸುದ್ದಿಗೆ ಒಂದು ಸಂಜೆ ಹಾಳಾಗಿತ್ತು. ಅಧ್ಯಾಪಕಿ ಸಿಗುವ ಬಸ್ಸಿನಲ್ಲೇ ಈಗ ಹೋಗುತ್ತಾಳೆ. ನನ್ನ ಕಡತದಲ್ಲಿದ್ದ ಆ ಉದ್ದನೆಯ ಹಾಳೆಯನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದಳು. ಕೊಟ್ಟೆ. ಮೇಜಿನ ಮೇಲೆ ಹರಡಿ, ನನ್ನದೇ ಪೆನ್ನು ತೆಗೆದುಕೊಂಡು, 2018ರ ಆಗಸ್ಟ್ ಎದುರಿಗೆ ಸತ್ತ ದನಗಳ ಕೆಳಗೆ ಉಳಿದಿದ್ದ ಜಾಗದಲ್ಲಿ “ಎಂಎಸ್ಸಿ ಸೀಟು ಹೋಯಿತು” ಎಂದು ಬರೆದು, ಶಾಯಿ ಆರುವವರೆಗೆ ಕಾದು, ಮಡಿಸಿ ಚೀಲಕ್ಕೆ ಹಾಕಿಕೊಂಡಳು.